ಹಾಜರಿ ಹೇಳಿದ ಖಾಲಿ ಬೆಂಚು

ನಾನು ಹುಟ್ಟಿದ ಮೂರನೇ ದಿನವೇ ತೊಟ್ಟಿಲ ಹತ್ತಿರ ಬಂದ ದೆವ್ವವೊಂದನ್ನು ಬೈದು ಕಳಿಸಿದವನು. ಅಲ್ಲಿಂದ ಇಲ್ಲಿಯವರೆಗೆ ಒಟ್ಟು ನಲವತ್ತೊಂದು ದೆವ್ವಗಳನ್ನು ಓಡಿಸಿದ್ದೇನೆ. ಅದರಲ್ಲಿ ಎರಡು ಈಗಲೂ ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತವೆ. ಕಾಲೇಜಿನಲ್ಲಿ ನನ್ನನ್ನು ಬುರುಡೆ ಅಂತ ಕರೆಯುತ್ತಾರೆ. ಬರೀ ಹೊಟ್ಟೆಕಿಚ್ಚು. ಇಂಥ ನಾನೇ ಬೆವರಿದ ಕಥೆ ಇದು. ಈ ವರ್ಷ ಹೊಸದಾಗಿ ಕಾಲೇಜು ಸೇರಿದ ತಮ್ಮ ತಂಗಿಯರು ಓದಬೇಕು, ಮನೆಗೆ ಒಯ್ದು ಅಪ್ಪ ಅಮ್ಮನಿಗೂ ಓದಿ ಹೇಳಬೇಕು.

ನಮ್ಮ ತರಗತಿಯಲ್ಲಿ ಅರವತ್ತನಾಲ್ಕು ಜನ. ಆರು ಸಾವಿರ ಅಂತ ಬರೆದಿದ್ದೆ, ಈ ಕರಪತ್ರ ಅಚ್ಚು ಹಾಕಿಸುವವರು ಒಪ್ಪಲಿಲ್ಲ. ಅವರಲ್ಲಿ ಇಪ್ಪತ್ತೆಂಟನೇ ನಂಬರಿನ ಹುಡುಗಿ ಒಬ್ಬಳು. ಕಿಟಕಿ ಪಕ್ಕದ ಬೆಂಚಿನಲ್ಲಿ ಒಬ್ಬಳೇ ಕೂರುವಳು. ಹೆಸರು ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತೆಂಟು ಅಂದರೆ ಅವಳು, ಅಷ್ಟೇ.

ಅವಳ ಅಪ್ಪ ದೂರದ ಊರುಗಳಿಗೆ ಬಸ್ಸು ಓಡಿಸುವವರು. ಕಾಲೇಜಿಗೆ ಸೇರಿಸಿದ ದಿನ ಗೇಟಿನ ಹತ್ತಿರ ನಿಲ್ಲಿಸಿ ಹೇಳಿದ್ದರಂತೆ: "ನೋಡು ಮಗಳೇ, ನಾನ್‌ಸ್ಟಾಪ್ ಬಸ್ಸಿನ ಹಾಗಿರು. ರೂಮು ಬಿಟ್ರೆ ಕಾಲೇಜು, ಕಾಲೇಜು ಬಿಟ್ರೆ ರೂಮು. ನಾಟಕ, ಆಟ, ಸಂಘ ಅಂತ ಯಾರಾದ್ರೂ ಕೈ ಅಡ್ಡ ಹಾಕಿದ್ರೆ ನಿಲ್ಲಿಸ್ಬೇಡ."

ಹುಡುಗಿ ನಿಲ್ಲಿಸಲಿಲ್ಲ. ಐದು ತಿಂಗಳು ಹಾಗೇ ಓಡಾಡಿದಳು. ಬಾಡಿಗೆ ಕೋಣೆ ಇದ್ದದ್ದು ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲೆ. ಕೆಳಗೆ ಬೆಳಗಿನಿಂದ ಸಂಜೆಯವರೆಗೆ ಮಿಷಿನ್ನಿನ ದಡದಡ, ಮೇಲೆ ಅವಳೊಬ್ಬಳು.

ಅವಳನ್ನು ಮಾತಾಡಿಸಿದ್ದು ಒಬ್ಬರೇ, ಲೈಬ್ರರಿಯಲ್ಲಿ ಪುಸ್ತಕ ಕೊಡುವ ಅಕ್ಕ.

"ಏನಮ್ಮಾ, ಪುಸ್ತಕ ತಗೋತೀಯ, ವಾಪಸ್ ಕೊಡ್ತೀಯ. ನಿನ್ನ ದನಿ ಹೇಗಿದೆ ಅಂತ್ಲೇ ನಂಗೆ ಗೊತ್ತಿಲ್ಲ."

"ಅಪ್ಪ ಬೈತಾರೆ ಅಕ್ಕ."

"ಮಾತಾಡಿದ್ರೆ ಬೈತಾರಾ?"

"ಅಲ್ಲ. ಸಂಘ ಗಿಂಘ ಸೇರಿದ್ರೆ."

"ಗುರುವಾರ ಮೂರು ಗಂಟೆಗೆ ಬಾ. ಒಂದೇ ಒಂದು ಗಂಟೆ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಾಠ ಓದಿ ಹೇಳೋದು. ನೀನು ಹೇಗಿದ್ರೂ ಓದೋಳೇ, ಸ್ವಲ್ಪ ಜೋರಾಗಿ ಓದು ಅಷ್ಟೇ."

ಹುಡುಗಿ ಹಿಂದೆ ಮುಂದೆ ನೋಡಿ, ಓದುವ ಗುಂಪಿನ ಪಟ್ಟಿಯಲ್ಲಿ ಹೆಸರು, ಕೋಣೆಯ ವಿಳಾಸ ಬರೆದಳು. ಆ ಗುರುವಾರ ಎರಡನೇ ವರ್ಷದ ಹುಡುಗನೊಬ್ಬನಿಗೆ ಒಂದು ಅಧ್ಯಾಯ ಓದಿದಳು. ಅವನನ್ನು ಎಲ್ಲರೂ ಅಣ್ಣ ಅಂತಲೇ ಕರೆಯುವುದು. ಅಣ್ಣ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ. ಪರೀಕ್ಷೆ ಹತ್ತಿರ ಇತ್ತು, ದಿನಕ್ಕೆ ಹತ್ತು ಸಲ ಕೇಳಿದ.

ಮುಂದಿನ ಸೋಮವಾರ ಶುರುವಾಯಿತು.

ನಮ್ಮ ಮೇಡಂ ಹಾಜರಿ ಕೂಗುವಾಗ ಪುಸ್ತಕದಿಂದ ತಲೆ ಎತ್ತುವುದಿಲ್ಲ. "ಇಪ್ಪತ್ತೇಳು." "ಪ್ರೆಸೆಂಟ್ ಮೇಡಂ." "ಇಪ್ಪತ್ತೆಂಟು."

ಕಿಟಕಿ ಪಕ್ಕದ ಬೆಂಚು ಖಾಲಿ. ಆದರೂ ಆ ಕಡೆಯಿಂದ, ಬಾವಿಯ ತಳದಿಂದ ಎದ್ದು ಬಂದ ಹಾಗೆ, ಸಣ್ಣಗೆ ಒಂದು ದನಿ: "ಪ್ರೆಸೆಂಟ್ ಮೇಡಂ."

ಬೆಂಚಿನ ಮೇಲಿನ ಧೂಳೂ ಅಲುಗಲಿಲ್ಲ. ಮೇಡಂ ಗುರುತು ಹಾಕಿ ಇಪ್ಪತ್ತೊಂಬತ್ತಕ್ಕೆ ಹೋದರು. ನನ್ನ ಕೂದಲು ಎಷ್ಟು ನೆಟ್ಟಗೆ ನಿಂತವೆಂದರೆ ಮೇಲೆ ತಿರುಗುತ್ತಿದ್ದ ಫ್ಯಾನಿಗೆ ತಗುಲಿ ಎರಡು ಕತ್ತರಿಸಿಹೋದವು.

ಮಂಗಳವಾರವೂ ಅದೇ. ಬುಧವಾರ ಬೆಂಚಿಗೂ ಗೋಡೆಗೂ ನಡುವೆ ಜೇಡವೊಂದು ಬಲೆ ಕಟ್ಟಿತ್ತು. ಬಲೆ ಹರಿಯಲಿಲ್ಲ, ದನಿ ಮಾತ್ರ ಬಂತು. "ಪ್ರೆಸೆಂಟ್ ಮೇಡಂ." ನಿಜ ಹೇಳಲಾ, ಆ ದನಿಗಿಂತ ಹೆಚ್ಚು ಭಯ ಹುಟ್ಟಿಸಿದ್ದು ಬೇರೆ. ಅರವತ್ತೆರಡು ಕತ್ತುಗಳಿದ್ದವು ಅಲ್ಲಿ. ಒಂದೂ ಆ ಕಡೆ ತಿರುಗಲಿಲ್ಲ.

ಗುರುವಾರ ಬೆಳಿಗ್ಗೆ ಭಾಷೆಯ ಪಾಠ, ಮೊದಲ ವರ್ಷದವರಿಗೂ ಎರಡನೇ ವರ್ಷದವರಿಗೂ ಒಟ್ಟಿಗೆ. ಅಣ್ಣನೂ ಬಂದು ಹಿಂದೆ ಕೂತಿದ್ದ. ಹಾಜರಿ ಆಯಿತು. ಇಪ್ಪತ್ತೆಂಟು, ಪ್ರೆಸೆಂಟ್.

ಮಧ್ಯಾಹ್ನ ಮೂರಕ್ಕೆ ನಾನು ಲೈಬ್ರರಿಯ ಮೂಲೆಯಲ್ಲಿ ಕಣ್ಣು ಮುಚ್ಚಿ ಗಾಢವಾಗಿ ಅಧ್ಯಯನ ಮಾಡುತ್ತಿದ್ದೆ. ಅಣ್ಣ ಕಾಯುತ್ತಾ ಕೂತಿದ್ದ.

"ಅಕ್ಕ, ಆ ಹುಡುಗಿ ಬರ್ಲಿಲ್ಲ."

"ಬರ್ತಾಳೆ ಬಿಡಣ್ಣ. ಬೆಳಿಗ್ಗೆ ಕ್ಲಾಸಲ್ಲಿ ಇದ್ಳಲ್ಲ," ಅಂದಳು ಗುಂಪಿನ ಇನ್ನೊಬ್ಬಳು, ನನ್ನ ತರಗತಿಯವಳೇ. "ಹಾಜರಿ ಹೇಳಿದ್ಳು, ನಾನೇ ಕೇಳಿದೀನಿ."

ಅಣ್ಣ ತಲೆ ಅಲ್ಲಾಡಿಸಿದ. "ನಾನೂ ಕೇಳ್ದೆ. ಅದು ಅವಳ ದನಿ ಅಲ್ಲ."

"ಹಾಗಂದ್ರೆ?"

"ಒಂದು ವಾರದಿಂದ ಅವಳ ದನೀನೇ ಕೇಳ್ತಾ ಮಲಗ್ತಿದೀನಿ. ಬೆಳಿಗ್ಗೆ ಮಾತಾಡಿದ್ದು ಬೇರೆ ಏನೋ."

ಆ 'ಏನೋ' ಕೇಳಿದ್ದೇ ತಡ, ಅಕ್ಕ ಫೋನ್ ಮಾಡಿದರು, ಸ್ವಿಚ್ ಆಫ್. ಪಟ್ಟಿ ತೆಗೆದು ವಿಳಾಸ ನೋಡಿದರು. ಬೀಗ ಹಾಕಿ ಹೊರಟೇಬಿಟ್ಟರು. ಅಕ್ಕ, ಅಣ್ಣ, ಗುಂಪಿನ ಇಬ್ಬರು, ಅವರೆಲ್ಲರ ಮುಂದೆ ಎದೆ ಉಬ್ಬಿಸಿಕೊಂಡು ನಾನು.

ಪ್ರೆಸ್ಸಿನಲ್ಲಿ ಮಾತು ಕೇಳಿಸದಷ್ಟು ಸದ್ದು. ಮಾಲೀಕರು ಕಿವಿಗೆ ಕೈ ಹಿಡಿದು, "ಮೇಲಿನ ಹುಡುಗೀನಾ? ಇರ್ಬೇಕು, ಗೊತ್ತಿಲ್ಲ," ಅಂದರು. ಮೇಲೆ ಹೋಗಿ ಬಾಗಿಲು ತಟ್ಟಿದೆವು. ಒಳಗಿನಿಂದ ಚಿಲಕ. ಬಾಗಿಲ ಹೊರಗೆ ಮೂರು ದಿನದ ಹಾಲಿನ ಪ್ಯಾಕೆಟ್ಟುಗಳು ಊದಿಕೊಂಡು ಬಿದ್ದಿದ್ದವು.

"ಮಿಷಿನ್ ನಿಲ್ಲಿಸಿ," ಅಂದ ಅಣ್ಣ.

ಮಿಷಿನ್ ನಿಂತಿತು. ಆ ಕಟ್ಟಡದಲ್ಲಿ ಅಂಥ ನಿಶ್ಶಬ್ದ ಅದಕ್ಕೂ ಮೊದಲು ಇರಲಿಲ್ಲವೇನೋ. ಆಮೇಲೆ ಕೇಳಿಸಿತು. ಟಕ್. ಟಕ್. ಟಕ್. ನೆಲಕ್ಕೆ ಲೋಟ ಬಡಿದ ಹಾಗೆ, ತುಂಬಾ ನಿಧಾನವಾಗಿ.

ಮಾಲೀಕರ ಮುಖ ಬಿಳಿಚಿಕೊಂಡಿತು. "ಅಯ್ಯೋ ದೇವರೇ. ಈ ಸದ್ದು ಮಂಗಳವಾರದಿಂದ ಬರ್ತಿದೆ. ಮಿಷಿನ್ ಸಡಿಲ ಆಗಿದೆ ಅಂತ ಎಣ್ಣೆ ಹಾಕಿಸ್ದೆ."

ನಾನು ಒಂದೇ ಒದೆತಕ್ಕೆ ಬಾಗಿಲು ಮುರಿದೆ. ಹುಡುಗಿ ನೆಲದ ಮೇಲಿದ್ದಳು. ಮೈ ಸುಡುತ್ತಿತ್ತು, ತುಟಿ ಒಣಗಿ ಬಿರಿದಿತ್ತು, ಎದ್ದು ನಿಲ್ಲುವ ಶಕ್ತಿ ಇರಲಿಲ್ಲ. ಕೈಯಲ್ಲಿ ಸ್ಟೀಲ್ ಲೋಟ. ನಮ್ಮನ್ನು ನೋಡಿದ ಮೇಲೂ ಆ ಕೈ ಬಡಿಯುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಅಂದರು, "ಇನ್ನೊಂದು ದಿನ ತಡ ಆಗಿದ್ರೆ ನಾನು ಬೇರೆ ಮಾತು ಹೇಳ್ಬೇಕಾಗ್ತಿತ್ತು."

ಅಪ್ಪ ಡ್ರೈವರ್ ಬಟ್ಟೆಯಲ್ಲೇ ಓಡಿ ಬಂದರು. ಮಗಳ ಹಣೆ ಮುಟ್ಟಿದರು, ಆಮೇಲೆ ನಮ್ಮ ಕಡೆ ತಿರುಗಿದರು.

"ನಿಮ್ಮ ಕಾಲೇಜಿಗೆ ಫೋನ್ ಮಾಡ್ದೆ. ನಾಲ್ಕು ದಿನವೂ ಹಾಜರ್ ಅಂತ ಬರೆದಿದೆಯಂತೆ. ಹಾಜರ್ ಇದ್ದೋಳು ಇಲ್ಲಿ ಹೇಗೆ ಮಲಗಿದಾಳೆ?"

ನಾನು ಕಿಟಕಿಯಾಚೆ ನೋಡಿದೆ.

"ನೀವೆಲ್ಲಾ ಯಾರು?"

"ಓದೋ ಗುಂಪಿನವರು," ಅಂದರು ಅಕ್ಕ.

"ಅಂದ್ರೆ ಸಂಘ. ಬೇಡ ಅಂದಿದ್ದೆ ನಾನು. ಓದು ಹಾಳಾಗತ್ತೆ."

"ಯಜಮಾನ್ರೇ, ನಿಮ್ಮ ಮಗಳು ಐದು ತಿಂಗಳು ಕ್ಲಾಸಲ್ಲಿ ಕೂತಿದ್ಳು. ಅಲ್ಲಿಂದ ಯಾರೂ ಹುಡುಕ್ಕೊಂಡು ಬರ್ಲಿಲ್ಲ. ನಮ್ಮ ಹತ್ರ ಕೂತಿದ್ದು ಒಂದು ಗಂಟೆ. ನಾವು ಬಂದ್ವಿ."

ಅಪ್ಪ ಮಗಳ ಮಂಚದ ಪಕ್ಕ ಕೂತರು. "ಇಪ್ಪತ್ತೆರಡು ವರ್ಷ ಆಯ್ತು ಬಸ್ಸು ಓಡಿಸೋಕೆ ಹಿಡಿದು," ಅಂದರು. "ಊಟಕ್ಕೆ ನಿಲ್ಲಿಸಿದ ಕಡೆ ತಲೆ ಎಣಿಸ್ದೆ ಯಾವತ್ತೂ ಗಾಡಿ ತೆಗೆದೋನಲ್ಲ. ಸ್ವಂತ ಮಗಳನ್ನ ಮಾತ್ರ ಎಣಿಸೋರಿಲ್ಲದ ಕಡೆ ಬಿಟ್ಟು ಬಂದೆ." ಆಮೇಲೆ ಅಣ್ಣನ ಕೈ ಹಿಡಿದುಕೊಂಡು, "ಗುರುವಾರ ಎಷ್ಟು ಗಂಟೆಗಪ್ಪಾ ನಿಮ್ಮದು?" ಅಂತ ಕೇಳಿದರು.

ಈಗ ಆ ಹುಡುಗಿ ಗುರುವಾರ ಓದುತ್ತಾಳೆ, ಶನಿವಾರ ಭಿತ್ತಿಪತ್ರಿಕೆಗೆ ಬರೆಯುತ್ತಾಳೆ. ಜೋರಾಗಿ ಓದಿ ಓದಿ ಪಾಠ ಬಾಯಿಗೆ ಬಂದಿದೆ, ಎದ್ದು ನಿಂತು ಮೇಡಂಗೆ ಪ್ರಶ್ನೆ ಕೇಳುತ್ತಾಳೆ. ವಿದ್ಯಾರ್ಥಿವೇತನದ ಅರ್ಜಿ ಹೇಗೆ ಹಾಕುವುದು ಅಂತ ಗುಂಪಿನ ಹಿರಿಯರೇ ತೋರಿಸಿಕೊಟ್ಟರು. ಅವಳ ಹೆಸರು ಈಗ ಕ್ಯಾಂಟೀನಿನವರಿಗೂ ಗೊತ್ತು.

ತಮ್ಮಂದಿರೇ, ತಂಗಿಯರೇ, ಆಟವೋ ಹಾಡೋ ನಾಟಕವೋ ರಕ್ತದಾನದ ಬಳಗವೋ, ನಿಮಗೆ ಒಗ್ಗುವ ಒಂದಕ್ಕೆ ಈ ವಾರವೇ ಹೆಸರು ಕೊಡಿ. ವಾರಕ್ಕೆ ಒಂದು ಗಂಟೆ ಸಾಕು. ಅಪ್ಪ ಅಮ್ಮಂದಿರೇ, ಎಷ್ಟು ಅಂಕ ಬಂತು ಅಂತ ಕೇಳುವುದರ ಜೊತೆಗೆ ಇದನ್ನೂ ಕೇಳಿ: ನಾಳೆ ನೀನು ಹೋಗದಿದ್ದರೆ ಅಲ್ಲಿ ಯಾರು ವಿಚಾರಿಸುತ್ತಾರೆ?

ಇಲ್ಲಿಗೆ ಮುಗಿಸಿ ಆ ಹುಡುಗಿಗೇ ಓದಲು ಕೊಟ್ಟೆ. ಅವಳು ಪೂರ್ತಿ ಓದಿ, ಮಡಿಸಿ, ನನ್ನ ಮುಂದಿಟ್ಟಳು.

"ಚೆನ್ನಾಗಿದೆ ಬುರುಡೆ. ಆ ದನಿ ಯಾರದ್ದು ಅಂತ ಬರಿ."

"ಯಾವ ದನಿ?"

"ನಿನ್ನ ಬೆಂಚು ನನ್ನ ಹಿಂದೇನೇ ಅಲ್ವಾ?"

ಸರಿ, ಬರೆಯುತ್ತೇನೆ. ಬಾಗಿಲು ಮುರಿದದ್ದು ನಾನಲ್ಲ, ಪ್ರೆಸ್ಸಿನ ಮಾಲೀಕರು, ಕಬ್ಬಿಣದ ಸಲಾಕೆಯಿಂದ. ನಾನು ಮೆಟ್ಟಿಲ ಕೆಳಗೇ ನಿಂತಿದ್ದೆ. ದೆವ್ವಗಳನ್ನು ಓಡಿಸಿದ್ದೂ ಸುಳ್ಳು. ಹಾಜರಿ ಹೇಳಿದ್ದು ನಾನು. ನಾಲ್ಕು ದಿನವೂ ನಾನೇ, ಹುಡುಗಿ ದನಿ ಮಾಡಿ. ನಾನೂ ಯಾವ ಗುಂಪಿನಲ್ಲೂ ಇರಲಿಲ್ಲ. ಯಾರಾದರೂ ತಿರುಗಿ ನೋಡಿ ನಕ್ಕಾರು ಅಂತ ಸೋಮವಾರ ಶುರು ಮಾಡಿದೆ. ಯಾರೂ ತಿರುಗಲಿಲ್ಲ, ಅದಕ್ಕೇ ಮಂಗಳವಾರ ಮತ್ತೆ ಮಾಡಿದೆ. ಅವಳು ಬಂದಿಲ್ಲ ಅಂತ ಇಡೀ ಕಾಲೇಜಿನಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಯಾಕೆ ಬಂದಿಲ್ಲ ಅಂತ ನಾನು ಕೇಳಲಿಲ್ಲ.

ಇದನ್ನು ಅವಳ ಅಪ್ಪನಿಗೂ ಹೇಳಿದ್ದೇನೆ. ಅವರು ಇನ್ನೂ ನನ್ನ ಜೊತೆ ಮಾತಾಡುವುದಿಲ್ಲ. ಗುರುವಾರ ಈಗ ನಾನೂ ಓದುತ್ತೇನೆ. ನನ್ನ ದನಿಯಲ್ಲಿ ಅಂಥ ವಿಶೇಷವೇನೂ ಇಲ್ಲ ಅನ್ನುತ್ತಾನೆ ಅಣ್ಣ. ನಾನು ವಾದ ಮಾಡಿಲ್ಲ.