ಸೋಮವಾರ ಹೇಳೋಣ

ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ನನ್ನ ಕೆಲಸ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದವನಿಗೆ ಸಿಕ್ಕಿದ್ದು ಒಂದು ಕಂಪ್ಯೂಟರ್, ಒಂದು ಫೋನ್ ಮತ್ತು ಇನ್ನೂರ ಹನ್ನೆರಡು ಹೆಸರುಗಳ ಪಟ್ಟಿ. ಎಲ್ಲರೂ ಡಾಕ್ಟರ್ ಭಾರ್ಗವರ ಕೈಯಲ್ಲಿ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡವರು. ಆರು ತಿಂಗಳಿಗೊಮ್ಮೆ ಅವರ ಮನೆಗಳಿಗೆ ಫೋನ್ ಮಾಡಬೇಕು. ಇದ್ದಾರೆಯೇ, ಇದ್ದರೆ ಕಾಯಿಲೆ ಮರಳಿದೆಯೇ, ಮರಳಿದ್ದರೆ ಯಾವ ತಾರೀಖು ಗೊತ್ತಾಯಿತು ಎಂದು ಕೇಳಿ ತುಂಬಬೇಕು. ಐದು ವರ್ಷ ಮರಳದಿದ್ದರೆ ಆ ಹೆಸರಿಗೆ ಹಸಿರು ಬಣ್ಣ. ಐದು ವರ್ಷ ಕಳೆದ ಮಾರನೆಯ ದಿನ ಮರಳಿದರೂ ಹಸಿರು ಹಸಿರೇ. ಭಾರ್ಗವರು ಬರೆಯುತ್ತಿದ್ದ ಸಂಶೋಧನಾ ಪ್ರಬಂಧಕ್ಕೆ ಬೇಕಾಗಿದ್ದದ್ದು ಆ ಐದು ವರ್ಷ ಮಾತ್ರ.

ಪಟ್ಟಿಯ ಕೊನೆಯ ಹೆಸರು ಸಂಜೀವಯ್ಯ. ಬಿಳೇಕಹಳ್ಳಿಯವರು, ನಿವೃತ್ತ ಬಸ್ ಕಂಡಕ್ಟರ್. ಅವರಿಗೆ ನಾನು ಫೋನ್ ಮಾಡುವ ಪ್ರಮೇಯವೇ ಬರುತ್ತಿರಲಿಲ್ಲ. ಪ್ರತಿ ಮಂಗಳವಾರ ತಾವೇ ಬಂದು, ವಾರ್ಡಿನಲ್ಲಿ ಹೊಸದಾಗಿ ಸೇರಿದವರ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, ಅಂಗಿ ಎತ್ತಿ ಹೊಟ್ಟೆಯ ಮೇಲಿನ ಗೆರೆ ತೋರಿಸುತ್ತಿದ್ದರು. ‘ನೋಡಿ, ಇಷ್ಟೇ. ಹರಿದ ಚೀಲಕ್ಕೆ ಹೊಲಿಗೆ ಹಾಕ್ದಂಗೆ.’ ಆಮೇಲೆ ಮೆಟ್ಟಿಲಿಳಿದು ನನ್ನ ಕೋಣೆಗೆ ಬರುತ್ತಿದ್ದರು. ಮೊದಲ ಸಲ ನನ್ನ ಹೆಸರು ಕೇಳಿ ತಲೆಯಿಂದ ಕಾಲಿನವರೆಗೆ ನೋಡಿದ್ದರು.

‘ಸುಮೇಧ. ಬುದ್ಧನ ಕಥೇಲಿ ಬರೋ ಹೆಸರು. ನಿಮ್ಮಪ್ಪ ಇಟ್ಟಿದ್ದಾ?’

‘ಹೌದು ಅಂಕಲ್.’

‘ಯಾವ ಏರಿಯಾ?’

‘ಸುದ್ದಗುಂಟೆಪಾಳ್ಯ.’

‘ನಮ್ಮನೇಲೂ ಬಾಗಿಲು ತೆಗೆದ್ರೆ ಎದುರಿಗೇ ಬುದ್ಧ ಇದಾನೆ ಬಿಡು’ ಎಂದು ನಕ್ಕು, ಅಂದಿನಿಂದ ನನ್ನನ್ನು ‘ಮಗಾ’ ಎಂದೇ ಕರೆದರು.

ಎರಡು ವರ್ಷದ ಹಿಂದೆ ಅವರು ನನ್ನಿಂದ ಒಂದು ಮಾತು ತೆಗೆದುಕೊಂಡಿದ್ದರು. ಮೊದಲು ಕಾಯಿಲೆ ಬಂದಾಗ ಹೆಂಡತಿ ಲಕ್ಷ್ಮಮ್ಮ, ಮಗ ಯುವರಾಜ್ ಇಬ್ಬರೂ ಸೇರಿ ಅವರಿಗೆ ಕರುಳಲ್ಲಿ ಹುಣ್ಣು ಎಂದಷ್ಟೇ ಹೇಳಿದ್ದರಂತೆ. ಆಪರೇಷನ್ ಆಗಿ, ಕಿಮೋಗೆ ಕರೆದುಕೊಂಡು ಹೋದ ದಿನ ಬಾಗಿಲ ಮೇಲಿನ ಬೋರ್ಡ್ ಓದಿ ಅವರಿಗೆ ಗೊತ್ತಾಯಿತು.

‘ಊರಿಗೆಲ್ಲ ಗೊತ್ತು, ನಂಗೊಬ್ಬನಿಗೆ ಗೊತ್ತಿಲ್ಲ. ನನ್ನ ಹೊಟ್ಟೆ ಮಗಾ ಅದು! ಅದಕ್ಕೇ ಹೇಳ್ತಿದೀನಿ, ಇನ್ಮೇಲೆ ಯಾವ ರಿಪೋರ್ಟ್ ಬಂದ್ರೂ ಮೊದಲು ನಂಗೆ ಹೇಳ್ಬೇಕು. ಯುವರಾಜಂಗಲ್ಲ, ಡಾಕ್ಟ್ರು ಹೇಳೋವರ್ಗೂ ಕಾಯೋದಲ್ಲ. ನೀನು ಕಂಪ್ಯೂಟ್ರಲ್ಲಿ ನೋಡಿದ ತಕ್ಷಣ. ಆಯ್ತಾ?’

ನನಗೆ ಅಂಥ ಅಧಿಕಾರ ಇರಲಿಲ್ಲ. ಆದರೂ ಆಯ್ತು ಎಂದೆ. ಆಮೇಲೆ ಬಂದ ವರದಿಗಳೆಲ್ಲ ಒಳ್ಳೆಯವೇ ಆಗಿದ್ದುದರಿಂದ ಮಾತು ಉಳಿಸಿಕೊಳ್ಳುವುದು ನನಗೆ ಸುಲಭವಾಗಿತ್ತು.

ಜುಲೈ ಹದಿಮೂರು, ಶನಿವಾರಕ್ಕೆ ಅವರ ಆಪರೇಷನ್ ಆಗಿ ಐದು ವರ್ಷ. ಮರುದಿನ ಭಾನುವಾರ, ಈಚೆಗೆ ಐದು ವರ್ಷ ದಾಟಿದ ಹನ್ನೊಂದು ಮಂದಿಗೆ ಆಸ್ಪತ್ರೆಯಿಂದ ಸನ್ಮಾನ. ಆಷಾಢವಾದ್ದರಿಂದ ಜಯನಗರದಲ್ಲಿ ಭಾನುವಾರವೂ ಕಲ್ಯಾಣ ಮಂಟಪ ಖಾಲಿ ಸಿಕ್ಕಿತ್ತು. ಪೇಟ, ಶಾಲು, ಹಣ್ಣಿನ ತಟ್ಟೆ, ಆಮೇಲೆ ಊಟ. ‘ಐದು ವರ್ಷ ಗೆದ್ದವರು’ ಎಂಬ ಫ್ಲೆಕ್ಸಿನಲ್ಲಿ ಎಲ್ಲರಿಗಿಂತ ದೊಡ್ಡದಾಗಿ ಸಂಜೀವಯ್ಯನವರ ಫೋಟೋ. ಎಲ್ಲರ ಪರವಾಗಿ ಮಾತನಾಡಬೇಕಾದವರೂ ಅವರೇ.

ಐದನೇ ವರ್ಷದ ಸ್ಕ್ಯಾನ್ ಗುರುವಾರ ಆಯಿತು. ಶುಕ್ರವಾರ ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ವರದಿ ನನ್ನ ಪರದೆಯ ಮೇಲೆ ಬಂತು. ಲಿವರಿನಲ್ಲಿ ಎರಡು ಗಂಟು. ರಕ್ತಪರೀಕ್ಷೆಯ ಅಂಕಿಯೂ ಇರಬೇಕಾದದ್ದಕ್ಕಿಂತ ನಾಲ್ಕು ಪಟ್ಟು ಮೇಲೆ. ವಾರ್ಡಿನವರು ‘ಮರಳಿದೆ’ ಅನ್ನುವುದಿಲ್ಲ, ‘ಬಂದಿದೆ’ ಅನ್ನುತ್ತಾರೆ, ಯಾರೋ ನೆಂಟರು ಬಂದ ಹಾಗೆ. ನಾನು ಎರಡು ಸಲ ಓದಿದೆ. ಫೋನ್ ಕೈಗೆ ತೆಗೆದುಕೊಂಡು, ಮತ್ತೆ ಇಟ್ಟು, ಭಾರ್ಗವರ ಕೋಣೆಗೆ ಹೋದೆ. ಮೊದಲ ತಪ್ಪು ಅದು. ಸಂಜೀವಯ್ಯನವರಿಗೆ ಮೊದಲು ಹೇಳುತ್ತೇನೆ ಎಂದಿದ್ದವನು ಮೊದಲು ಅನುಮತಿ ಕೇಳಲು ಹೋದೆ.

ಭಾರ್ಗವರು ಕೆಟ್ಟವರಲ್ಲ. ವರದಿ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಅಯ್ಯೋ. ಸಂಜೀವಯ್ಯಂಗೆ ಬರಬಾರದಿತ್ತು.’

‘ಸರ್, ಅವರಿಗೆ ಫೋನ್ ಮಾಡಿ ಹೇಳ್ಲಾ?’

‘ಇವತ್ತು ಬೇಡ. ಭಾನುವಾರ ಫಂಕ್ಷನ್. ಪಾಪ, ಎಷ್ಟು ದಿನದಿಂದ ಕಾಯ್ತಿದಾರೆ. ಈಗ ಹೇಳಿ ಎರಡು ದಿನ ನಿದ್ದೆ ಕೆಡಿಸೋದು ಯಾಕೆ? ಎರಡು ದಿನದಲ್ಲಿ ಟ್ರೀಟ್‌ಮೆಂಟ್ ಏನೂ ಬದಲಾಗಲ್ಲ ಸುಮೇಧ್. ಸೋಮವಾರ ಓಪಿಡಿಗೆ ಕರೀರಿ. ನಾನೇ ಕೂತು ಸಮಾಧಾನವಾಗಿ ಹೇಳ್ತೀನಿ.’

ನಾನು ಬಾಗಿಲ ಬಳಿ ಹೋದಾಗ ಮತ್ತೆ ಕರೆದರು.

‘ಪಟ್ಟೀಲಿ ತಾರೀಖಿನ ಕಾಲಂ ಈಗ್ಲೇ ತುಂಬಬೇಡಿ. ಸೋಮವಾರ ನಾವು ಡಾಕ್ಟರುಗಳೆಲ್ಲ ಕೂತು ನೋಡಿ ಖಚಿತ ಮಾಡಿದ ದಿನವೇ ಕಾಯಿಲೆ ಗೊತ್ತಾದ ದಿನ. ಅಲ್ವಾ?’

ಕೋಣೆಗೆ ಮರಳುವಾಗ ಮೆಟ್ಟಿಲ ಮೇಲೇ ಲೆಕ್ಕ ಬಂತು. ಇನ್ನೂರ ಹನ್ನೆರಡರಲ್ಲಿ ಹಸಿರಾದವರು ನೂರ ನಲವತ್ತೆಂಟು; ಶೇಕಡ ಎಪ್ಪತ್ತಕ್ಕೆ ಸ್ವಲ್ಪ ಕಡಿಮೆ. ಸಂಜೀವಯ್ಯನವರೂ ಸೇರಿದರೆ ನೂರ ನಲವತ್ತೊಂಬತ್ತು. ಎಪ್ಪತ್ತಕ್ಕೆ ಸ್ವಲ್ಪ ಹೆಚ್ಚು. ಭಾರ್ಗವರ ಮನಸ್ಸಿನಲ್ಲಿ ಆ ಲೆಕ್ಕ ಇತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ನನ್ನ ಮನಸ್ಸಿಗಂತೂ ಬಂತು.

ಸಂಜೆ ಐದಕ್ಕೆ ಫೋನ್ ಬಂತು.

‘ಮಗಾ, ರಿಪೋರ್ಟ್ ಬಂತಾ?’

‘ಇನ್ನೂ ಇಲ್ಲ ಅಂಕಲ್.’

‘ಬೆಳಿಗ್ಗೇನೇ ಬರುತ್ತೆ ಅಂದಿದ್ರಲ್ಲ?’

ಅವರ ಹಿಂದೆ ಕುಕ್ಕರ್ ಕೂಗುವುದು, ಲಕ್ಷ್ಮಮ್ಮ ‘ಅದೇನು ದಿನಾ ಆ ಹುಡುಗನ ತಲೆ ತಿಂತೀರಿ’ ಎಂದು ಗದರುವುದು ಕೇಳುತ್ತಿತ್ತು.

‘ಸರಿ ಬಿಡು’ ಎಂದರು ಸಂಜೀವಯ್ಯ. ‘ಏನಾದ್ರೂ ಇದ್ದಿದ್ರೆ ಬೆಳಿಗ್ಗೇನೇ ಅರ್ಜೆಂಟಾಗಿ ಕಳಿಸಿರ್ತಿದ್ರು, ಇಷ್ಟೊತ್ತಿಗೇ ನೀನು ಹೇಳಿರ್ತಿದ್ದೆ. ಏನೂ ಇಲ್ಲ ಅಂತಾಯ್ತು. ಭಾನುವಾರ ಬೇಗ ಬಾ. ಪೇಟ ಸೊಟ್ಟ ಆದ್ರೆ ಸರಿಮಾಡೋಕೆ ಒಬ್ರು ಬೇಕು.’

ಆಗಲೂ ಹೇಳಬಹುದಿತ್ತು. ಒಂದೇ ವಾಕ್ಯ ಸಾಕಿತ್ತು. ಶನಿವಾರ ಪೂರ್ತಿ ಆ ವಾಕ್ಯವನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿದೆ. ಪ್ರತಿ ಸಲವೂ ಅದರ ಮೊದಲ ಪದ ‘ನಿನ್ನೆ’ ಎಂದೇ ಆಗಬೇಕಾಗಿತ್ತು. ಅಲ್ಲಿಗೇ ನಿಂತುಬಿಡುತ್ತಿದ್ದೆ.

ಭಾನುವಾರ ಮಂಟಪ ತುಂಬಿತ್ತು. ಮೂರನೇ ಸಾಲಿನಲ್ಲಿ ಸೀತಮ್ಮನವರು ಕೂತಿದ್ದರು. ಜಯನಗರದವರು, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರಿಗೂ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಗಿ ತಿಂಗಳಾಗಿತ್ತು. ಅಕ್ಕನಿಗೆ ಇದೇ ಕಾಯಿಲೆಗೆ ಆಪರೇಷನ್ ಆಗಿ, ಎರಡೇ ವರ್ಷಕ್ಕೆ ಮರಳಿ ತೀರಿಕೊಂಡದ್ದನ್ನು ಕಣ್ಣಾರೆ ನೋಡಿದ್ದರಿಂದ ಆಪರೇಷನ್ನಿಗೆ ಒಪ್ಪಿರಲಿಲ್ಲ. ‘ಹೇಗೂ ಬರುತ್ತಲ್ಲ, ಕೊಯ್ಸಿಕೊಂಡು ಯಾಕೆ ಸಾಯ್ಬೇಕು?’ ಎಂಬುದು ಅವರ ಒಂದೇ ಮಾತು. ಮೂರು ಮಂಗಳವಾರ ಸಂಜೀವಯ್ಯ ಅವರ ಜೊತೆ ವಾದ ಮಾಡಿದ್ದರು. ಈ ಸಮಾರಂಭಕ್ಕೂ ಅವರೇ ಒತ್ತಾಯ ಮಾಡಿ ಕರೆಸಿದ್ದರು.

ಪೇಟ ಇಟ್ಟುಕೊಂಡು ಸಂಜೀವಯ್ಯ ಮೈಕಿನ ಮುಂದೆ ನಿಂತರು.

‘ಮೂವತ್ತೊಂದು ವರ್ಷ ಬಸ್ಸಲ್ಲಿ ಮುಂದೆ ಹೋಗಿ, ಮುಂದೆ ಹೋಗಿ ಅಂತ ಕೂಗ್ದೋನು ನಾನು. ಇವತ್ತೂ ಅದನ್ನೇ ಹೇಳೋದು. ಕೆಲವರು ಫುಟ್‌ಬೋರ್ಡಲ್ಲೇ ನಿಂತ್ಕೊಂಡಿರ್ತಾರೆ, ಒಳಗೂ ಬರಲ್ಲ, ಇಳಿಯೋದೂ ಇಲ್ಲ.’

ಜನ ನಕ್ಕರು. ಅವರು ಮೂರನೇ ಸಾಲಿನ ಕಡೆ ಕೈ ತೋರಿಸಿದರು.

‘ಸೀತಮ್ಮನೋರೇ, ನಿಮ್ಗೇ ಹೇಳ್ತಿರೋದು. ಹೇಗೂ ಬರುತ್ತೆ ಅಂತೀರಲ್ಲ. ನನ್ನ ನೋಡಿ. ಐದು ವರ್ಷ ಆಯ್ತು. ಮೊನ್ನೆ ಸ್ಕ್ಯಾನೂ ಆಯ್ತು. ಕ್ಲಿಯರ್! ಸುಳ್ಳು ಹೇಳಿದ್ರೆ ಈ ಪೇಟ ಇಲ್ಲೇ ತೆಗೆದಿಡ್ತೀನಿ.’

ಚಪ್ಪಾಳೆ ಬಿತ್ತು. ಭಾರ್ಗವರು ಮಡಿಲಲ್ಲಿದ್ದ ಹೂವಿನ ಹಾರ ನೋಡುತ್ತಿದ್ದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ನಾನೂ ಚಪ್ಪಾಳೆ ತಟ್ಟಿದೆ.

ಊಟದ ಹೊತ್ತಿಗೆ ಸೀತಮ್ಮ ಬಂದು, ‘ಆಯ್ತು ಸಂಜೀವಯ್ಯನವರೇ, ನಿಮ್ಮ ಮುಖ ನೋಡಿ ಒಪ್ಪಿದೀನಿ. ನಾಳೆ ಅಡ್ಮಿಟ್ ಆಗ್ತೀನಿ’ ಎಂದರು. ಸಂಜೀವಯ್ಯ ನನ್ನ ಭುಜ ಹಿಡಿದು ಅಲುಗಿಸಿದರು.

‘ನೋಡ್ದಾ ಮಗಾ? ಮೇಷ್ಟ್ರು ಅಮ್ಮನಿಗೇ ಪಾಠ ಹೇಳ್ಬಿಟ್ಟೆ!’

ಸೋಮವಾರ ಹನ್ನೊಂದಕ್ಕೆ ಓಪಿಡಿಯಲ್ಲಿ ಭಾರ್ಗವರು ಅವರಿಗೆ ಹೇಳಿದರು. ದಾರಿ ಮುಚ್ಚಿಲ್ಲ, ಕಿಮೋ ಕೊಟ್ಟು ಆಮೇಲೆ ಲಿವರಿಗೂ ಆಪರೇಷನ್ ಮಾಡಬಹುದು ಎಂದೂ ಹೇಳಿದರಂತೆ. ಅಷ್ಟು ಹೊತ್ತಿಗೆ ನಾನು ಪಟ್ಟಿಯಲ್ಲಿ ತಾರೀಖು ತುಂಬಿದ್ದೆ. ಹದಿನೈದು. ಐದು ವರ್ಷದ ಮೇಲೆ ಎರಡು ದಿನ. ಅವರ ಹೆಸರು ಹಸಿರಾಗಿತ್ತು.

ಬಾಗಿಲು ತಳ್ಳಿದ ಸದ್ದಾಯಿತು. ಸಂಜೀವಯ್ಯ ವರದಿ ಹಿಡಿದುಕೊಂಡು ನಿಂತಿದ್ದರು. ಕೂರಲಿಲ್ಲ.

‘ಶುಕ್ರವಾರ ಹನ್ನೊಂದು ನಲವತ್ತು’ ಎಂದರು. ‘ಇಲ್ಲಿ ಪ್ರಿಂಟಾಗಿದೆ. ನಾನು ಫೋನ್ ಮಾಡಿದ್ದು ಸಂಜೆ ಐದಕ್ಕೆ.’

‘ಅಂಕಲ್, ಡಾಕ್ಟರು...’

‘ಡಾಕ್ಟ್ರ ವಿಷಯ ಬಿಡು. ಅವ್ರು ನಂಗೆ ಮಾತು ಕೊಟ್ಟಿರ್ಲಿಲ್ಲ.’

ಅವರ ಕಣ್ಣು ಪರದೆಯ ಮೇಲೆ ಹೋಯಿತು. ತಮ್ಮ ಹೆಸರು ಹುಡುಕಿ, ಬೆರಳಿಟ್ಟು ಅಡ್ಡಕ್ಕೆ ಓದಿಕೊಂಡು ಹೋದರು.

‘ಪೇಪರಲ್ಲಿ ಹನ್ನೆರಡು, ಇಲ್ಲಿ ಹದಿನೈದು. ಇದೇನು?’

ನಾನು ಹೇಳಿದೆ. ಶೇಕಡ ಎಪ್ಪತ್ತರ ಲೆಕ್ಕವನ್ನೂ ಹೇಳಿದೆ. ಯಾರೂ ಕೇಳದೆ ಇದ್ದ ಸತ್ಯವನ್ನು ಹೇಳುವುದು ಎಷ್ಟು ಸರಾಗ ಎಂದು ಅನ್ನಿಸಿತು. ಅವರು ಕೋಪ ಮಾಡಿಕೊಳ್ಳಲಿಲ್ಲ.

‘ಅಂದ್ರೆ ನಾನು ಗೆದ್ದೋರ ಲೆಕ್ಕದಲ್ಲೇ ಇದೀನಿ.’

‘ಬದಲಾಯಿಸ್ತೀನಿ ಅಂಕಲ್. ಈಗ್ಲೇ.’ ನಾನು ಹದಿನೈದನ್ನು ಅಳಿಸಿ ಹನ್ನೆರಡು ಎಂದು ಒತ್ತಿದೆ. ಹಸಿರು ಹೋಯಿತು.

‘ಕಂಪ್ಯೂಟ್ರಿಗೆ ನಿಜ ಹೇಳ್ದೆ’ ಎಂದರು. ‘ಒಳ್ಳೇದಾಯ್ತು. ಅದಕ್ಕಾದ್ರೂ ಹೇಳಿದ್ಯಲ್ಲ.’

ನಾನು ಪಟ್ಟಿಯನ್ನು ಸೇವ್ ಮಾಡಿದೆ.

‘ನಂಗೆ ಬಂದಿದ್ದು ಬಂತು, ಅದು ನಿನ್ನ ತಪ್ಪಲ್ಲ. ಮೈಕ್ ಹಿಡ್ಕೊಂಡು ಕ್ಲಿಯರ್ ಅಂತ ಕೂಗಿದ್ನಲ್ಲ ಮಗಾ, ಆಗ ನೀನು ಗೋಡೆ ಹತ್ರ ನಿಂತಿದ್ದೆ. ನಾನು ನಿನ್ನೇ ನೋಡ್ಕೊಂಡು ಹೇಳಿದ್ದು.’ ವರದಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ‘ಸೀತಮ್ಮನೋರು ಯಾವ ರೂಮು?’

ರೋಗಿಗಳ ವಿವರ ಯಾರಿಗೂ ಕೊಡಬಾರದು. ‘ಐನೂರ ಏಳು’ ಎಂದೆ.

‘ನಾಳೆ ಆಪರೇಷನ್ನಿಗೆ ಮುಂಚೆ ಅವ್ರಿಗೆ ಗೊತ್ತಾಗ್ಬೇಕು. ಒಪ್ಪೋದು ಬಿಡೋದು ಅವ್ರಿಗೆ ಬಿಟ್ಟಿದ್ದು. ಗೊತ್ತಿಲ್ದೆ ಟೇಬಲ್ ಮೇಲೆ ಮಲ್ಕೊಳೋದು ಏನು ಅಂತ ನಂಗೊತ್ತು.’

ಅವರ ಹಿಂದೆಯೇ ನಾನೂ ಹೋದೆ. ಐದನೇ ಮಹಡಿಯಲ್ಲಿ ಅವರು ಒಳಗೆ ಹೋದರು, ನಾನು ಹೊರಗೆ ನಿಂತೆ. ಬಾಗಿಲ ಗಾಜಿನಿಂದ ಸೀತಮ್ಮನವರ ಕಾಲು, ಬಿಳಿ ಹೊದಿಕೆ, ಸ್ಟೂಲಿನ ಮೇಲೆ ಸಂಜೀವಯ್ಯನವರ ಬೆನ್ನು ಕಾಣುತ್ತಿತ್ತು. ಇವತ್ತು ಅವರು ಅಂಗಿ ಎತ್ತಲಿಲ್ಲ. ಸ್ವಲ್ಪ ಹೊತ್ತು ಅವರ ತಲೆ ಅಲುಗುತ್ತಿತ್ತು, ಆಮೇಲೆ ನಿಂತಿತು. ಹೊದಿಕೆಯ ಕೆಳಗೆ ಕಾಲುಗಳು ಗೋಡೆಯ ಕಡೆಗೆ ಹೊರಳಿದವು.

ಅವರು ಹೊರಗೆ ಬಂದು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು.

‘ಹೇಳಿದ್ರಾ?’

‘ಹೇಳ್ದೆ.’

‘ಏನಂದ್ರು?’

‘ಯಾವಾಗ ಗೊತ್ತಾಯ್ತು ನಿಮ್ಗೆ ಅಂದ್ರು. ಇವತ್ತು ಬೆಳಿಗ್ಗೆ ಅಂದೆ. ರಿಪೋರ್ಟ್ ತೋರ್ಸಿ ಅಂದ್ರು, ತೋರ್ಸಿದೆ. ಗಣಿತದ ಟೀಚರ್ ಅಲ್ವಾ, ತಾರೀಖು ನೋಡಿದ್ರು. ಸ್ಟೇಜ್ ಮೇಲೆ ನಿಂತು ನನ್ನಂಥವಳಿಗೆ ಸುಳ್ಳು ಹೇಳೋಕೆ ಆಸ್ಪತ್ರೆಯೋರು ಎಷ್ಟು ಕೊಟ್ರು ಅಂತ ಕೇಳಿದ್ರು. ನಂಗೆ ಗೊತ್ತಿರ್ಲಿಲ್ಲಮ್ಮ ಅಂದೆ. ನಂಬಲಿಲ್ಲ. ಯಾಕೆ ನಂಬ್ತಾರೆ?’

‘ಆಪರೇಷನ್?’

‘ಮಗನಿಗೆ ಫೋನ್ ಮಾಡ್ತಿದಾರೆ, ಕರ್ಕೊಂಡು ಹೋಗು ಬಾ ಅಂತ.’

ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ನಾನು ಮೂರು ಹೆಜ್ಜೆ ಇಟ್ಟು ಒಳಗೆ ಹೋಗಿ, ಇವರಿಗೆ ಗೊತ್ತಿರಲಿಲ್ಲ, ಮುಚ್ಚಿಟ್ಟವನು ನಾನು ಎಂದರೆ ಸಾಕಿತ್ತು. ಅಷ್ಟು ಹೇಳಿದರೆ ಮಾತು ಭಾರ್ಗವರ ತನಕ ಹೋಗುತ್ತದೆ, ನಾಳೆ ಈ ಕೆಲಸ ಇರುವುದಿಲ್ಲ ಎಂದು ನಾನು ಯೋಚಿಸುತ್ತಿದ್ದೆನೋ, ಅಥವಾ ಏನನ್ನೂ ಯೋಚಿಸುತ್ತಿರಲಿಲ್ಲವೋ. ಲಿಫ್ಟ್ ಬಂದು ಬಾಗಿಲು ತೆರೆಯಿತು. ಅವರು ಇನ್ನೊಂದು ಕ್ಷಣ ಕಾದರು. ಆಮೇಲೆ ಒಳಗೆ ಹೋಗಿ, ನನಗೆ ಬೆನ್ನು ಮಾಡಿ ನಿಂತರು. ಬಾಗಿಲು ಮುಚ್ಚಿಕೊಂಡಿತು.

ನಾನು ಐನೂರ ಏಳರ ಮುಂದೆಯೇ ಇದ್ದೆ. ಒಳಗೆ ಸೀತಮ್ಮನವರು ಫೋನಿನಲ್ಲಿ ಗಟ್ಟಿಯಾಗಿ ಮಾತನಾಡುತ್ತಿದ್ದರು. ನರ್ಸ್ ಒಬ್ಬರು ಟ್ರೇ ಹಿಡಿದು ಬಂದು, ಬಾಗಿಲಿಗೆ ಅಡ್ಡ ನಿಂತಿದ್ದ ನನ್ನನ್ನು ನೋಡಿದರು.

‘ಯಾರು ಬೇಕಿತ್ತು ಸಾರ್?’

‘ಯಾರೂ ಇಲ್ಲ ಸಿಸ್ಟರ್’ ಎಂದೆ. ‘ಫ್ಲೋರ್ ತಪ್ಪಿ ಬಂದೆ.’