ತಪ್ಪಿಗೊಂದು ಹೊಸ ಚಿಹ್ನೆ

ಇಂಡೊನೇಷ್ಯಾದ ಬಾಂಡುಂಗ್ ಊರಿನ ರುಸ್ಮಾನಾ ಕಂಪ್ಯೂಟರ್ ಪ್ರೋಗ್ರಾಂ ಬರೆಯುತ್ತಿದ್ದ ಭಾಷೆಗೆ ಒಂದು ಹಟವಿತ್ತು. ಫೈಲು ತೆರೆ ಎಂದು ಬರೆದರೆ ಅದರ ಬೆನ್ನಿಗೇ ‘ತಪ್ಪಾಯಿತೇ? ಆಗಿದ್ದರೆ ಇಲ್ಲಿಂದ ವಾಪಸ್ ಹೋಗು’ ಎಂದು ಮೂರು ಸಾಲು ಕೈಯಾರೆ ಬರೆಯಬೇಕು. ಓದು ಎಂದರೆ ಮತ್ತೆ ಅದೇ ಮೂರು ಸಾಲು. ಕಾಳು ಒಂದು ಹಿಡಿ, ಹೊಟ್ಟು ಒಂದು ಮೂಟೆ. ಇಷ್ಟೆಲ್ಲದರ ಬದಲು ಕೊನೆಗೊಂದು ಪ್ರಶ್ನೆಚಿಹ್ನೆ ಹಾಕಿದರೆ ಸಾಕು ಎಂದು ಅವನು ವರ್ಷಗಳ ಹಿಂದೆಯೇ ಆ ಭಾಷೆಯನ್ನು ನೋಡಿಕೊಳ್ಳುವ ಮಂಡಳಿಗೆ ಸಲಹೆ ಬರೆದಿದ್ದ. ಒಪ್ಪಿಗೆಯಾದರೆ ಆ ಭಾಷೆಯಲ್ಲಿ ತನ್ನದೊಂದು ಗುರುತು ಉಳಿಯುತ್ತದೆ. ಬದುಕಿನಲ್ಲಿ ಬೇರೇನನ್ನೂ ಅವನು ಇಷ್ಟು ಬಯಸಿರಲಿಲ್ಲ.

ಅಲ್ಲಿನ ಪದ್ಧತಿಯೇ ಬೇರೆ. ಸಲಹೆಯನ್ನು ಅಂತರ್ಜಾಲದಲ್ಲಿ ಎಲ್ಲರೆದುರು ಇಡಬೇಕು. ಯಾವ ದೇಶದವರಾದರೂ ಬಂದು ಹೆಬ್ಬೆರಳನ್ನು ಮೇಲೆ ಮಾಡಬಹುದು, ಕೆಳಗೆ ಮಾಡಬಹುದು. ಒಮ್ಮತ ಮೂಡದಿದ್ದರೆ ಸಲಹೆ ಅಲ್ಲಿಗೇ ಮುಗಿಯಿತು. ಚಿಹ್ನೆ ಕಣ್ಣಿಗೆ ಬೀಳುವುದಿಲ್ಲ ಎಂದು ಒಬ್ಬ ಗೊಣಗಿದ. ರುಸ್ಮಾನಾ ಅದನ್ನು ಪದವಾಗಿ ಬದಲಿಸಿದ. ಪದ ಉದ್ದವಾಯಿತು ಎಂದ ಇನ್ನೊಬ್ಬ. ರುಸ್ಮಾನಾ ಮತ್ತೆ ಬದಲಿಸಿದ. ಮೊದಲಿನದನ್ನು ಮೆಚ್ಚಿದ್ದವರು ಮುನಿಸಿಕೊಂಡು ಬೆರಳು ಕೆಳಗೆ ಮಾಡಿದರು. ಊರಿಗೆಲ್ಲ ಒಪ್ಪುವ ಅಡುಗೆ ಮಾಡಲು ಹೋದವನಿಗೆ ತನ್ನ ನಾಲಿಗೆಯ ರುಚಿಯೇ ಮರೆತುಹೋಯಿತು. ಪಾಪ, ಮೊದಲೇ ಗಟ್ಟಿಯಾಗಿ ನಿಲ್ಲಬೇಕಿತ್ತು.

ಮಂಗಳವಾರ ಮಧ್ಯಾಹ್ನ ಮಂಡಳಿಯ ಉತ್ತರ ಬಂತು. ಒಮ್ಮತವಿಲ್ಲ, ಸಲಹೆ ಮುಚ್ಚಲಾಗಿದೆ. ಇನ್ನು ಮುಂದೆ ಈ ವಿಷಯದಲ್ಲಿ ಯಾರ ಸಲಹೆಯನ್ನೂ ನೋಡುವುದಿಲ್ಲ. ಇಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಅವನ ಕೈಕೆಳಗೆ ಕೆಲಸ ಕಲಿತು, ಈಗ ಪಕ್ಕದ ಮೇಜಿನಲ್ಲೇ ಕೂರುವ, ಅವನನ್ನು ಅಣ್ಣ ಎಂಬರ್ಥದಲ್ಲಿ ‘ಕಾಂಗ್’ ಎನ್ನುವ ಇಮಾಸ್, ಬಾಲಾ-ಬಾಲಾ ಎಂಬ ಬಿಸಿ ತರಕಾರಿ ಬಜ್ಜಿಯನ್ನು ಪೊಟ್ಟಣದಲ್ಲಿ ತಂದು ಮುಂದಿಟ್ಟಳು.

“ತಿನ್ನಿ ಕಾಂಗ್. ಹಸಿಮೆಣಸಿನಕಾಯೂ ಇದೆ, ಕಣ್ಣೀರಿಗೆ ನೆಪ ಆಗತ್ತೆ.”

“ಆ ಜನಕ್ಕೇನು ಗೊತ್ತು ಬಿಡು. ನೀನಾದ್ರೂ ಬೆರಳು ಮೇಲೆ ಮಾಡಿದ್ದೆ ತಾನೆ?”

ಅವಳು ಎಣ್ಣೆ ಹತ್ತಿದ ಕೈಯನ್ನು ಕಾಗದಕ್ಕೆ ಒರೆಸಿಕೊಂಡಳು. “ಇಲ್ಲ ಕಾಂಗ್. ಕೆಳಗೆ.”

“ಯಾವುದಕ್ಕೆ? ಕೊನೇದಕ್ಕಾ?”

“ಮೊದಲ್ನೇದಕ್ಕೇ. ಬೇಜಾರ್ ಮಾಡ್ಕೋಬೇಡಿ. ಆ ಮೂರು ಸಾಲು ಬರೆಯೋವಾಗ್ಲೇ ನಾನು ಒಂದು ಗಳಿಗೆ ನಿಂತು, ಇಲ್ಲಿ ಎಡವಟ್ಟಾದ್ರೆ ಏನು ಗತಿ ಅಂತ ಯೋಚ್ನೆ ಮಾಡೋದು. ಬರೀ ಚಿಹ್ನೆ ಆದ್ರೆ ಹಾಕ್ಕೊಂಡು ಹೋಗ್ಬಿಡ್ತೀನಿ. ಹಾಗೆ ನಿಂತು ನೋಡೋದು ಕಲಿಸಿದ್ದು ನೀವೇ ಅಲ್ವಾ?”

ಅವಳು ಹೇಳಿದ್ದು ನಿಜವಾಗಿತ್ತು. ಇಷ್ಟು ಹೊತ್ತು ರುಸ್ಮಾನಾ ಜಗತ್ತನ್ನೆಲ್ಲ ಬೈದುಕೊಂಡು ಹೇಗೋ ಕೂತಿದ್ದ. ಈಗ ಬೈಯಲೂ ಯಾರೂ ಉಳಿದಿರಲಿಲ್ಲ.