ಹೊರರೋಗಿ

ಎಪ್ಪತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಧಾರವಾಡದ ಮಾನಸಿಕ ಆಸ್ಪತ್ರೆಯಿಂದ ಎರಡನೆಯ ಸಲ ಮನೆಗೆ ಬಂದ ಮೇಲೆ ರೇಣುಕವ್ವ ಗುಳಿಗೆ ತಪ್ಪಿಸಿರಲಿಲ್ಲ. ಮೊದಲ ಸಲ ತಪ್ಪಿತ್ತು. ಹುಡುಗಿ ಗುಣವಾದಳೆಂದು ಅಪ್ಪ ಬೀರಲಿಂಗಪ್ಪನೇ ಬಿಡಿಸಿದ್ದ. ಗೋಡೆಯೊಳಗಿಂದ ಬೈಯುವ ದನಿಗಳು ತಿರುಗಿ ಬಂದಿದ್ದವು; ಹದಿನಾರರ ಹುಡುಗಿ ಕಿವಿ ಮುಚ್ಚಿಕೊಂಡು ನಡುಬೀದಿಯಲ್ಲಿ ಕೂತದ್ದನ್ನು ಅವರ ಊರು ತಿರ್ಲಾಪುರವೆಲ್ಲ ನೋಡಿತ್ತು.

ಈಗ ಆ ದನಿಗಳಿಲ್ಲ. ಬೇರೆ ದನಿಯೂ ಇಲ್ಲ. ಹತ್ತಿ ಬಿಡಿಸಲು ಹೊರಟ ಓರಗೆಯ ಹುಡುಗಿಯರು ಅವಳ ಮನೆ ಬಂದೊಡನೆ ಮಾತು ನಿಲ್ಲಿಸಿ ದಾಟುತ್ತಿದ್ದರು. ಗೆಳತಿ ಸಾವಿತ್ರೆವ್ವನ ಮದುವೆ ಅವಳಿಗೆ ಗೊತ್ತಾದದ್ದು ವಾಲಗ ಕೇಳಿದಾಗ. ಅಪ್ಪ ಕುರಿಗಳ ಹಿಂದೆ ದೂರ ಹೋಗಿದ್ದ. ಅವ್ವ ಮೈಲಾರವ್ವ ತಾಟು ಮುಂದಿಟ್ಟು, ಮಗಳ ಮುಖ ನೋಡದೆ ಒಳಗೆ ಹೋಗುತ್ತಿದ್ದಳು.

ತಿಂಗಳ ತಪಾಸಣೆಗೆ ತಾಯಿ ಮಗಳು ಧಾರವಾಡಕ್ಕೆ ಹೋದರು.

"ನಿದ್ದಿ ಬರತೈತೇನವಾ?" ಡಾಕ್ಟರು ಕೇಳಿದರು.

"ಬರತೈತ್ರಿ."

"ದನಿ ಕೇಳತಾವೇನು?"

ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಸುಳ್ಳನ್ನು ರೇಣುಕವ್ವ ಹೇಳಿಯೇಬಿಟ್ಟಳು. "ಕೇಳತಾವ್ರಿ. ನನ್ನ ಮತ್ತ ವಾರ್ಡಿಗೆ ಸೇರಿಸ್ಕೊಳ್ರಿ."

ಮೈಲಾರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಏನಂತಾವು?"

ಅದನ್ನು ಅವಳು ಯೋಚಿಸಿರಲಿಲ್ಲ. ತಡವರಿಸಿದಳು. "ಉಂಡೇನ ಬೇ, ಅಂತಾವ್ರಿ. ಬಾ, ತಲಿ ಬಾಚತೀನಿ, ಅಂತಾವ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾರ ದನಿ ಅದು?"

"ವಾರ್ಡಿನ ಆಯಾ ಮಲಿಕಾಬಿ ಅವ್ವಾರದ್ರಿ."

"ನೀ ಆರಾಮ ಅದಿ ತಂಗಿ. ಸೇರಿಸ್ಕೊಳ್ಳಾಕ ಬರೂದಿಲ್ಲ." ಆಮೇಲೆ ಅವರು ತಾಯಿಯತ್ತ ತಿರುಗಿದರು. "ಮನ್ಯಾಗ ಈಕಿ ಜೋಡಿ ಯಾರು ಮಾತಾಡ್ತೀರಿ?"

ಮೈಲಾರವ್ವ ಗುಳಿಗೆಯ ಚೀಟಿ ತೆಗೆದುಕೊಂಡು ಎದ್ದಳು.

ಹೊರಡುವ ಮುಂಚೆ ರೇಣುಕವ್ವ ವಾರ್ಡಿನ ಬಾಗಿಲಿಗೆ ಹೋಗಿ ನಿಂತಳು. ಅವಳ ಮಂಚದ ಮೇಲೆ ಬೇರೊಬ್ಬ ಹುಡುಗಿ ಕೂತಿದ್ದಳು. ಮಲಿಕಾಬಿ ಆಕೆಗೆ ಹೆರಳು ಹಾಕುತ್ತಿದ್ದಳು.

"ಮತ್ಯಾಕ ಬಂದೀ ಬೇ?" ಮಲಿಕಾಬಿ ಗಾಬರಿಯಾದಳು.

"ನಿಮ್ಮನ್ನ ನೋಡಾಕ್ರಿ."

"ನೋಡಿದ್ಯಲ್ಲ, ನಡಿ ಇನ್ನ. ಈ ಬಾಗಿಲಾ ನೀ ಮರೀಬೇಕವಾ." ಕಣ್ಣು ತುಂಬಿದರೂ ಅವಳು ಹೊಸ ಹುಡುಗಿಯ ಕೂದಲಿನಿಂದ ಕೈ ತೆಗೆಯಲಿಲ್ಲ.

ಮರಳಿ ಬರುವಾಗ ಬಸ್ಸು ಹುಬ್ಬಳ್ಳಿ ದಾಟಿತು. ಆಮೇಲೆ ಮೈಲಾರವ್ವ ಬಾಯಿಬಿಟ್ಟಳು. "ನಿನ್ನ ತಲಿ ಇನ್ನೂ ಹಸಿ ಗಾಯ ಇದ್ದಂಗ ಐತಿ, ಮಾತಾಡಿಸಿದ್ರ ಮತ್ತ ಕೆಡತೈತಿ ಅಂತ ಮಂದಿ ಅಂದ್ರು. ನಾ ಅಂಜಿದ್ನೆವಾ."

ರೇಣುಕವ್ವ ಅವ್ವನ ಮುಖ ನೋಡಿದಳು.

"ಏನು ಮಾತಾಡ್ಲಿ, ನೀನ ಹೇಳು."

ತಾಯಿ ಕಿಟಕಿಯಾಚೆಯ ಕರಿನೆಲವನ್ನು ನೋಡಿ, "ಇಲ್ಲಿ ಹತ್ತಿ ಅಗದಿ ಚಲೋ ಒಡದೈತಿ," ಎಂದಳು.

"ಯಾರ ಹೊಲಾ ಅದು?"

"ಯಾರಿಗೆ ಗೊತ್ತು," ಎಂದಳು ಮೈಲಾರವ್ವ. ಮುಂದೆ ಯಾವ ಮಾತು ಎತ್ತಬೇಕೆಂದು ಇಬ್ಬರೂ ಹುಡುಕುತ್ತ ಕೂತರು.